ಬಟ್ಟೆಯ ಮೃದುತ್ವವೂ ಅದರ ನೀರುಹೀರುವ ಗುಣವೂ

ಗೃಹಕೃತ್ಯಗಳೆಲ್ಲದರಲ್ಲಿಯೂ ಬಟ್ಟೆಯೊಗೆತದಷ್ಟು ನಿತ್ಯವಾದುದು ಮತ್ತೊಂದಿಲ್ಲ. ಅದರಷ್ಟು ಅಲಕ್ಷ್ಯಕ್ಕೆ ಗುರಿಯಾದುದೂ ಮತ್ತೊಂದಿಲ್ಲ. ಅಡಿಗೆಯನ್ನು ತಾಯಿಯು ಮಗಳಿಗೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುತ್ತಾಳೆ. ಹೊಲಿಗೆಗೆ ಶಾಲೆಯಲ್ಲಿ ಪಾಠಗಳಿವೆ. ಒಗೆತವು ಮಾತ್ರ ಯಾರೂ ಕಲಿಸದೆಯೇ ತಾನಾಗಿ ಬರತಕ್ಕ ವಿದ್ಯೆಯೆಂದು ನಾವು ಭಾವಿಸಿರುತ್ತೇವೆ. ಕಲ್ಲಿನ ಮೇಲೆ ಕುಕ್ಕಿ ಒಗೆಯುತ್ತಿದ್ದ ಕಾಲದಲ್ಲಿ ಈ ಭಾವನೆಯಿಂದ ಹೆಚ್ಚಿನ ಹಾನಿಯಿರಲಿಲ್ಲ. ಏಕೆಂದರೆ ಆಗ ಮನೆಯಲ್ಲಿದ್ದ ಬಟ್ಟೆಗಳು ಬಹುಮಟ್ಟಿಗೆ ಹತ್ತಿಯವು, ಒಗೆಯುವ ವಸ್ತುಗಳೂ ಎರಡೋ ಮೂರೋ. ಈಗಲಾದರೋ ನೂಲಿನ ಜಾತಿಗಳು ಅನೇಕ, ಮಾರ್ಜಕಗಳು ಅನೇಕ; ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಅಹಿತವಾಗಿ ಪರಿಣಮಿಸುವುದುಂಟು.

ಬಸವನಗುಡಿಯ ಗಾಂಧಿಬಜಾರಿನಲ್ಲಿಯಾಗಲಿ, ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯಾಗಲಿ, ಚಾಮರಾಜಪೇಟೆಯ ಯಾವ ದಿನಸಿ ಅಂಗಡಿಯಲ್ಲಿಯಾಗಲಿ ಎರಡು ಪದಾರ್ಥಗಳು ಈಗ ಸುಲಭವಾಗಿ ದೊರೆಯುತ್ತವೆ. ಒಂದು, ಒಗೆದ ಬಟ್ಟೆಯನ್ನು ಮೆತ್ತಗೆ ಮಾಡಿ ಸುವಾಸನೆಯನ್ನು ಕೊಡುವ ದ್ರವ. ಅಂಗಡಿಯವರು ಅದನ್ನು ಫ್ಯಾಬ್ರಿಕ್ ಸಾಫ್ಟನರ್ ಎಂತಲೋ ಫ್ಯಾಬ್ರಿಕ್ ಕಂಡಿಷನರ್ ಎಂತಲೋ ಕರೆಯುತ್ತಾರೆ. ನಾವು ಮೃದುಕಾರಿಯೆಂದು ಕರೆಯೋಣ. ಇನ್ನೊಂದು, ಕನ್ನಡಿ, ಮೇಜು, ಗಾಜು, ಅಡಿಗೆಮನೆಯ ಕಟ್ಟೆ ಮುಂತಾದುವನ್ನು ಒರಸುವುದಕ್ಕೂ, ತಲೆಗೂದಲನ್ನು ಆರಿಸುವುದಕ್ಕೂ ಉಪಯೋಗಿಸುವ ಮೈಕ್ರೋಫೈಬರ್, ಎಂದರೆ ಸೂಕ್ಷ್ಮತಂತುವಿನ ಕೈವಸ್ತ್ರ. ಬಿಡಿಬಿಡಿಯಾಗಿ ನೋಡಿದರೆ ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ಉಪಯುಕ್ತವಾದುವೇ. ಆದರೆ ಇವೆರಡನ್ನೂ ಒಂದೇ ತೊಟ್ಟಿಯಲ್ಲಿ ಕೂಡಿಸಿದೆವಾದರೆ ಒಂದರ ಗುಣವು ಇನ್ನೊಂದರ ಗುಣವನ್ನು ಕೆಡಿಸುತ್ತದೆ. ಮೃದುಕಾರಿಯಲ್ಲಿ ಅದ್ದಿದ ಸೂಕ್ಷ್ಮತಂತುವು ನೀರನ್ನು ಎಳೆದುಕೊಳ್ಳದೆ ಮುಂದಕ್ಕೆ ತಳ್ಳುತ್ತದೆ. ಗಾಜಿನ ಮೇಲೆ ಮಂಜಿನಂತಹ ಗೆರೆಗಳನ್ನು ಬಿಡುತ್ತದೆ. ಬಟ್ಟೆಯೇ ಕಳಪೆಯೆಂದು ಗೃಹಿಣಿಯು ಅದನ್ನು ಬಿಸಾಡಿ ಹೊಸದನ್ನು ತರುತ್ತಾಳೆ. ಅದಕ್ಕೂ ಅದೇ ಗತಿಯಾಗುತ್ತದೆ. ಹೀಗೇಕೆ ಆಗುತ್ತದೆಂಬುದನ್ನೂ, ಇದಕ್ಕೆ ಪರಿಹಾರವೇನೆಂಬುದನ್ನೂ ವಿದ್ಯಾರ್ಥಿನಿಯರಿಗೆ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನೀರಿನ ವಿಷಯವನ್ನು ಹೇಳಬೇಕು. ಒಗೆತದಲ್ಲಿ ನೀರೇ ಪ್ರಧಾನ. ಸಾಬೂನು ಅದರ ಸಹಾಯಕ ಮಾತ್ರ. ಚಾಮರಾಜಪೇಟೆಯ ಬಡಾವಣೆಯು ೧೮೯೨ರಲ್ಲಿಯೂ, ಬಸವನಗುಡಿ ಮಲ್ಲೇಶ್ವರಗಳು ೧೮೯೮ರ ಪ್ಲೇಗಿನ ಹಾವಳಿಯ ಕಾಲದಲ್ಲಿಯೂ ರೂಪುಗೊಂಡವು. ಆ ಕಾಲಕ್ಕೆ ನಗರಕ್ಕೆ ಹೆಸರಘಟ್ಟದ ಕೆರೆಯ ನೀರು ಕೊಳವೆಗಳ ಮೂಲಕ ಬರತೊಡಗಿತ್ತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಸಿದ್ಧವಾಯಿತು. ೧೯೭೪ರಲ್ಲಿ ಕಾವೇರಿಯ ಮೊದಲನೆಯ ಹಂತದ ನೀರು ಬಂದಿತು. ಕಾವೇರಿಯ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರು ದೂರ ಸಾಗಿ, ಸುಮಾರು ೫೦೦ ಮೀಟರು ಎತ್ತರಕ್ಕೆ ಯಂತ್ರಗಳಿಂದ ಏರಿಸಲ್ಪಟ್ಟು ನಮ್ಮ ಮನೆಯ ನಲ್ಲಿಯನ್ನು ಸೇರುತ್ತದೆ. ಇದು ಸಾಲದೆ ಹೋದಾಗ ಜನರು ಕೊಳವೆಬಾವಿಗಳನ್ನು ಆಶ್ರಯಿಸುತ್ತಾರೆ. ಇವೆರಡು ನೀರುಗಳಿಗೆ ಬಹಳ ಅಂತರವಿದೆ. ನದಿಯ ನೀರು ಮೆದುವಾದುದು. ಕೊಳವೆಬಾವಿಯ ನೀರಾದರೋ ಲಾಲ್‌ಬಾಗಿನ ಬಂಡೆಯಂತಹ ಪುರಾತನ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತು, ಅವುಗಳಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಧಾತುಗಳ ಲವಣಗಳನ್ನು ಕರಗಿಸಿಕೊಂಡು ಬರುವುದರಿಂದ ಗಡಸಾದುದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನವು ಲೀಟರಿಗೆ ೨೦೦ ಮಿಲಿಗ್ರಾಮಿನೊಳಗಿರುವುದು ಒಳ್ಳೆಯದೆಂದೂ, ಬೇರೆ ನೀರು ದೊರೆಯದ ಪಕ್ಷದಲ್ಲಿ ೬೦೦ ಮಿಲಿಗ್ರಾಮಿನವರೆಗೆ ಸೈರಿಸಬಹುದೆಂದೂ ಹೇಳಿದೆ. ತಮ್ಮ ಮನೆಯ ನೀರು ಎಂತಹದೆಂಬುದನ್ನು ಹೆಂಗಸರು ಯಾವ ಉಪಕರಣವೂ ಇಲ್ಲದೆ ಬಲ್ಲರು. ತೊಗರಿಬೇಳೆಯು ಬೇಗ ಬೇಯದಿದ್ದರೆ, ಹಂಡೆಯ ಒಳಮೈಯಲ್ಲಿ ಬಿಳಿಯ ಹಕ್ಕಳೆ ಕಟ್ಟಿದರೆ, ಸಾಬೂನು ಎಷ್ಟು ಉಜ್ಜಿದರೂ ನೊರೆಯೇಳದೆ ಮೊಸರಿನಂತೆ ಒಡೆದರೆ, ಆ ನೀರು ಗಡಸೆಂದು ತಿಳಿಯತಕ್ಕದ್ದು.

ಈ ಮೊಸರಿನಂತಹ ಪದಾರ್ಥವು ಏನು? ಸಾಬೂನೆಂಬುದು ಎಣ್ಣೆ ಅಥವಾ ಕೊಬ್ಬಿನ ಆಮ್ಲವು ಸೋಡಿಯಂ ಎಂಬ ಧಾತುವಿನೊಡನೆ ಕೂಡಿ ಆದ ಲವಣ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಆ ಸೋಡಿಯಮ್ಮನ್ನು ಹೊರದೂಡಿ ತಾನು ಆ ಸ್ಥಾನವನ್ನು ಆಕ್ರಮಿಸಿಕೊಳ್ಳುತ್ತದೆ. ಹಾಗೆ ಆದ ಹೊಸ ವಸ್ತುವು ನೀರಿನಲ್ಲಿ ಕರಗದು. ನೂಲಿನ ಎಳೆಗಳ ನಡುವೆ ಸೇರಿಕೊಂಡು ಬಟ್ಟೆಯನ್ನು ಬಿರುಸಾಗಿಯೂ ಮಂಕಾಗಿಯೂ ಮಾಡುತ್ತದೆ. ನಮ್ಮ ಹಿರಿಯರು ಅಂಟುವಾಳದ ಕಾಯಿಯನ್ನೂ ಸೀಗೆಯನ್ನೂ ಉಪಯೋಗಿಸುತ್ತಿದ್ದುದರಲ್ಲಿ ಒಂದು ವಿವೇಕವಿತ್ತು: ಅವುಗಳ ನೊರೆಯು ಸಾಬೂನಿನ ಜಾತಿಯದಲ್ಲವಾದುದರಿಂದ ಗಡಸು ನೀರಿನಲ್ಲಿ ಹೀಗೆ ಒಡೆಯುವುದಿಲ್ಲ. ಅಗಸರು ಚೌಳುಮಣ್ಣನ್ನು ಬೆರೆಸಿ ಉಬ್ಬೆಗೆ ಹಾಕುತ್ತಿದ್ದುದರಲ್ಲಿಯೂ ವಿವೇಕವಿತ್ತು: ಆ ಮಣ್ಣಿನಲ್ಲಿರುವ ಕ್ಷಾರವು ನೀರಿನ ಸುಣ್ಣವನ್ನು ಕೆಳಗಿಳಿಸುತ್ತದೆ, ಜಿಡ್ಡನ್ನೂ ಬಿಡಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಯ್ಯನಂತಹ ಪೂಜ್ಯರನ್ನು ಪಡೆದ ಕಸುಬು ಅದು. ಅದರಲ್ಲಿ ರಸಾಯನ ಶಾಸ್ತ್ರವು ಹೆಸರಿಲ್ಲದೆ ಅಡಗಿತ್ತು. ತರುವಾಯ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಬೆಂಗಳೂರಿನಲ್ಲಿಯೇ ಸರ್ಕಾರದ ಸಾಬೂನಿನ ಕಾರ್ಖಾನೆಯು ಏರ್ಪಟ್ಟಿತು. ೧೯೫೯ರಲ್ಲಿ ಸರ್ಫ್ ಎಂಬ ಪುಡಿಯೂ, ೧೯೬೯ರಲ್ಲಿ ನಿರ್ಮಾ ಎಂಬ ಅಗ್ಗದ ಪುಡಿಯೂ ನಮ್ಮ ದೇಶದ ಪೇಟೆಗೆ ಬಂದುವು. ಇವು ಸಾಬೂನುಗಳಲ್ಲ, ಕೃತಕ ಮಾರ್ಜಕಗಳು. ಗಡಸು ನೀರಿನಲ್ಲಿಯೂ ನೊರೆಗೊಡತಕ್ಕವು. ಆದರೆ ಇವುಗಳಿಂದ ಬಟ್ಟೆಯ ಸಹಜವಾದ ಜಿಡ್ಡು ಸಂಪೂರ್ಣವಾಗಿ ಹೋಗುವುದರಿಂದಲೂ, ಅಳತೆಮೀರಿ ಹಾಕಿದ ಪುಡಿಯು ಪೂರಾ ಜಾಲಿಸಿಹೋಗದೆ ಉಳಿಯುವುದರಿಂದಲೂ ಟವೆಲುಗಳು ಹಪ್ಪಳದಂತೆ ಗಡಸಾಗತೊಡಗಿದುವು. ಮೃದುಕಾರಿಗೆ ಮನೆಗಳಲ್ಲಿ ಸ್ಥಳ ದೊರೆತುದು ಈ ಕಾರಣದಿಂದ.

ಬಟ್ಟೆಯನ್ನು ಮೆತ್ತಗೆ ಮಾಡುವ ಯತ್ನವು ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಗಿರಣಿಗಳಲ್ಲಿ ಬಣ್ಣ ಹಾಕಿದ ಹತ್ತಿಯ ಬಟ್ಟೆಯು ಒರಟಾಗುತ್ತಿದ್ದುದರಿಂದ, ಎಣ್ಣೆ, ಕೊಬ್ಬು, ಸಾಬೂನು ಇವುಗಳನ್ನು ನೀರಿನಲ್ಲಿ ಕದಡಿ ಬಟ್ಟೆಗೆ ಹಿಡಿಸುತ್ತಿದ್ದರು. ಮನೆಬಳಕೆಯ ದ್ರವಗಳು ೧೯೫೦ರ ಅನಂತರ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದುವು. ಈಗ ನಮ್ಮಲ್ಲಿಯೂ ಪರಿಚಿತವಾಗಿರುವ ಕಂಫರ್ಟ್ ಎಂಬುದು ೧೯೬೯ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಮಾರಾಟಕ್ಕೆ ಬಂದಿತು. ಇವುಗಳಲ್ಲಿನ ಮುಖ್ಯ ವಸ್ತುವು ಕ್ವಾಟರ್ನರಿ ಅಮೋನಿಯಂ ಎಂಬ ಜಾತಿಗೆ ಸೇರಿದುದು. ಅದರ ಒಂದೊಂದು ಕಣಕ್ಕೂ ಒಂದು ತಲೆಯೂ, ಕೊಬ್ಬಿನ ಆಮ್ಲದಿಂದಾದ ಎರಡು ನೀಳವಾದ ಬಾಲಗಳೂ ಇರುತ್ತವೆಂದು ಭಾವಿಸಿರಿ. ತಲೆಯಲ್ಲಿ ಧನ ವಿದ್ಯುದಾವೇಶವಿದೆ. ನೀರಿನಲ್ಲಿ ನೆನೆದ ಹತ್ತಿಯ ಎಳೆಯ ಮೈಮೇಲೆ ಋಣಾವೇಶವಿರುತ್ತದೆ. ಇವೆರಡೂ ಒಂದನ್ನೊಂದು ಆಕರ್ಷಿಸುವುದರಿಂದ ತಲೆಯು ಎಳೆಗೆ ಅಂಟಿಕೊಂಡು, ಜಿಡ್ಡಿನ ಬಾಲಗಳು ಹೊರಮುಖವಾಗಿ ನಿಲ್ಲುತ್ತವೆ. ಹೀಗೆ ಒಂದೊಂದು ಎಳೆಗೂ ಅತಿ ತೆಳುವಾದ ಒಂದು ಜಿಡ್ಡಿನ ಕವಚವು ಬರುತ್ತದೆ. ಎಳೆಗಳು ಪರಸ್ಪರ ಉಜ್ಜದೆ ಜಾರುತ್ತವೆ. ಕೈಗೆ ಬಟ್ಟೆಯು ಮೆತ್ತಗೆ ತೋರುತ್ತದೆ. ತಲೆಗೆ ಎಣ್ಣೆ ಹಚ್ಚಿದಾಗ ಸಿಕ್ಕುಗೂದಲು ಬಾಚಣಿಗೆಗೆ ವಶವಾಗುವಂತೆಯೇ ಇದೂ ಸರಿ.

ಈ ವಿವರಣೆಯಿಂದ ಎರಡು ಸಂಗತಿಗಳು ತಾವಾಗಿಯೇ ಹೊರಡುತ್ತವೆ. ಮೊದಲನೆಯದು: ಮಾರ್ಜಕದ ಪುಡಿಯಲ್ಲಿರುವ ವಸ್ತುವು ಋಣಾವೇಶವುಳ್ಳದ್ದು, ಮೃದುಕಾರಿಯು ಧನಾವೇಶವುಳ್ಳದ್ದು. ಎರಡನ್ನೂ ಒಂದೇ ನೀರಿನಲ್ಲಿ ಸೇರಿಸಿದರೆ ಅವು ತಮ್ಮತಮ್ಮೊಳಗೇ ಕೂಡಿಕೊಂಡು ಕರಗದ ಗಸಿಯಾಗುತ್ತವೆ. ಒಗೆತವೂ ಆಗದು, ಮೃದುತ್ವವೂ ಬಾರದು. ಆದಕಾರಣವೇ ಮೃದುಕಾರಿಯನ್ನು ಕೊನೆಯ ಜಾಲಿಕೆಯ ನೀರಿಗೆ ಮಾತ್ರ ಹಾಕತಕ್ಕದ್ದೆಂಬ ನಿಯಮವಿದೆ, ಯಂತ್ರಗಳಲ್ಲಿ ಅದಕ್ಕೆ ಬೇರೊಂದು ಗೂಡನ್ನು ಮಾಡಿರುತ್ತಾರೆ. ಎರಡನೆಯದು: ಜಿಡ್ಡಿನ ಕವಚವುಳ್ಳ ಎಳೆಯು ನೀರನ್ನು ಸುಲಭವಾಗಿ ಒಳಗೊಳ್ಳದು. ಒಮ್ಮೆ ಹಾಕಿದರೆ ಅಷ್ಟಾಗಿ ತಿಳಿಯದಿರಬಹುದು. ವಾರವಾರವೂ ಹಾಕುತ್ತ ಬಂದರೆ ಪದರದ ಮೇಲೆ ಪದರವು ಕೂಡಿ, ಸ್ನಾನದ ಟವೆಲು ಮೈಯ ನೀರನ್ನು ಒರಸುವುದಕ್ಕೆ ಬದಲಾಗಿ ಸವರಿ ಬಿಡುತ್ತದೆ. ನೋಡುವುದಕ್ಕೆ ತುಪ್ಪುಳಾಗಿ, ಮೂಸುವುದಕ್ಕೆ ಪರಿಮಳವಾಗಿ, ತನ್ನ ಒಂದೇ ಒಂದು ಕೆಲಸವನ್ನು ಮಾಡಲಾರದ ಟವೆಲಿನಿಂದ ಪ್ರಯೋಜನವೇನು?

ಇನ್ನು ಸೂಕ್ಷ್ಮತಂತುವಿನ ಸಮಾಚಾರ. ನೂಲಿನ ಸಣ್ಣತನವನ್ನು ಅಳೆಯುವುದಕ್ಕೆ ಡೆನಿಯರ್ ಎಂಬ ಮಾನವಿದೆ. ೯೦೦೦ ಮೀಟರು ಉದ್ದದ ಎಳೆಯು ಎಷ್ಟು ಗ್ರಾಮು ತೂಗುವುದೋ ಅಷ್ಟು ಡೆನಿಯರ್. ನಮ್ಮ ನಾಡಿನ ರೇಷ್ಮೆಯ ಒಂಟಿ ಎಳೆಯು ಸುಮಾರು ಒಂದು ಡೆನಿಯರಿನ ಆಸುಪಾಸಿನದು. ಒಂದು ಡೆನಿಯರಿಗಿಂತ ಸಣ್ಣದಾದ ಕೃತಕ ಎಳೆಯನ್ನು ಸೂಕ್ಷ್ಮತಂತುವೆನ್ನುತ್ತಾರೆ. ಇದು ಎಷ್ಟು ಸಣ್ಣದೆಂಬುದು ಒಂದು ಲೆಕ್ಕದಿಂದ ಮನಸ್ಸಿಗೆ ಬರುವುದು: ಒಂದು ಡೆನಿಯರಿನ ಎಳೆಯನ್ನು ಬೆಂಗಳೂರಿನಿಂದ ಮೈಸೂರಿನವರೆಗೆ, ಎಂದರೆ ಸುಮಾರು ೧೪೦ ಕಿಲೋಮೀಟರು ದೂರ ಎಳೆದರೂ ಅದರ ತೂಕವು ೧೬ ಗ್ರಾಮನ್ನು ಮುಟ್ಟುವುದಿಲ್ಲ. ಒರಸುವ ಬಟ್ಟೆಯ ತಂತುಗಳಾದರೋ ಇದಕ್ಕಿಂತಲೂ ಎಷ್ಟೋ ಪಾಲು ಸಣ್ಣವು. ೧೯೭೦ರ ಸುಮಾರಿಗೆ ಜಪಾನಿನ ಕಾರ್ಖಾನೆಗಳಲ್ಲಿ ಈ ವಿದ್ಯೆಯು ಫಲಿಸಿತು. ಪಾಲಿಯೆಸ್ಟರ್ ಮತ್ತು ನೈಲಾನ್ ಎಂಬ ಎರಡು ಪದಾರ್ಥಗಳನ್ನು ಕಿತ್ತಳೆಹಣ್ಣಿನ ತೊಳೆಗಳಂತೆ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಒಂದೇ ಎಳೆಯಾಗಿ ಎಳೆಯುತ್ತಾರೆ. ಅನಂತರ ಅದನ್ನು ಸೀಳುತ್ತಾರೆ. ತೊಳೆಗಳು ಬೇರೆಬೇರೆಯಾಗಿ, ಚೂಪಾದ ಅಂಚುಗಳುಳ್ಳ ಅಸಂಖ್ಯಾತ ತಂತುಗಳಾಗುತ್ತವೆ. ಪೇಟೆಯಲ್ಲಿ ಸಿಗುವ ಬಟ್ಟೆಗಳ ಚೀಟಿಯಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರ್ ೮೦ ಪಾಲು, ನೈಲಾನ್ ೨೦ ಪಾಲು ಎಂದು ಬರೆದಿರುವುದು ಈ ಮಿಶ್ರಣವನ್ನೇ.

ಹತ್ತಿಗೂ ಇದಕ್ಕೂ ಇರುವ ಮುಖ್ಯವಾದ ಭೇದವನ್ನು ಗಮನಿಸತಕ್ಕದ್ದು. ಹತ್ತಿಯ ಎಳೆಯು ನೀರನ್ನು ತನ್ನ ಒಡಲಿನೊಳಕ್ಕೆ ಕುಡಿಯುತ್ತದೆ. ಪಾಲಿಯೆಸ್ಟರಿನ ತಂತುವು ತಾನು ಕುಡಿಯುವುದು ಅತ್ಯಲ್ಪ. ಅದರ ಬಟ್ಟೆಯು ನೀರನ್ನು ಹಿಡಿಯುವುದು ತಂತು ತಂತುಗಳ ನಡುವಣ ಕೂದಲೆಳೆಯಂತಹ ಸಂದುಗಳಲ್ಲಿ. ದೀಪದ ಬತ್ತಿಯಲ್ಲಿ ಎಣ್ಣೆಯು ಮೇಲಕ್ಕೇರುವುದನ್ನು ನೀವು ಪ್ರತಿ ಸಂಜೆಯೂ ನೋಡುತ್ತೀರಿ. ಅದೇ ಶಕ್ತಿಯು ಇಲ್ಲಿ ನೀರನ್ನು ಸಂದುಗಳೊಳಕ್ಕೆ ಎಳೆಯುತ್ತದೆ. ಈ ಶಕ್ತಿಯು ನಡೆಯಬೇಕಾದರೆ ಸಂದುಗಳು ತೆರೆದಿರಬೇಕು, ಮತ್ತು ಅವುಗಳ ಗೋಡೆಗಳಿಗೆ ನೀರು ಅಂಟಿಕೊಳ್ಳಬೇಕು. ಮೃದುಕಾರಿಯು ಈ ಎರಡಕ್ಕೂ ಅಡ್ಡಬರುತ್ತದೆ. ಅದರ ಜಿಡ್ಡು ಗೋಡೆಗಳನ್ನು ಲೇಪಿಸಿದಾಗ ನೀರು ಕೆಸುವಿನ ಎಲೆಯ ಮೇಲಣ ಹನಿಯಂತೆ ಉಂಡೆಯಾಗಿ ನಿಲ್ಲುತ್ತದೆ. ಅದೇ ಜಿಡ್ಡು ಸಂದುಗಳನ್ನೂ ತುಂಬುತ್ತದೆ. ಇದಲ್ಲದೆ, ಒಣಗಿದ ಸೂಕ್ಷ್ಮತಂತುವಿನ ಬಟ್ಟೆಯು ಉಜ್ಜುವಾಗ ಹುಟ್ಟುವ ವಿದ್ಯುತ್ತಿನಿಂದ ಧೂಳನ್ನು ಸೆಳೆದು ಹಿಡಿದುಕೊಳ್ಳುತ್ತದೆ. ಬಟ್ಟೆಯಲ್ಲಿ ಅಂತಹ ವಿದ್ಯುತ್ತು ನಿಲ್ಲದಂತೆ ಮಾಡುವುದೇ ಮೃದುಕಾರಿಯ ಇನ್ನೊಂದು ಉದ್ದೇಶ. ಸೀರೆಯು ಒಳಲಂಗಕ್ಕೆ ಅಂಟಿಕೊಳ್ಳದಿರಬೇಕಾದಲ್ಲಿ ಅದು ಗುಣ. ಧೂಳು ಹಿಡಿಯಬೇಕಾದ ಬಟ್ಟೆಯಲ್ಲಿ ಅದು ದೋಷ. ನೀರು, ಧೂಳು ಎರಡರ ವಿಷಯದಲ್ಲಿಯೂ ಹೀಗಾದ ಮೇಲೆ ಆ ಬಟ್ಟೆಯಿಂದ ಗಾಜನ್ನು ಒರಸಿದರೆ ಜಿಡ್ಡೇ ಗಾಜಿಗೆ ಮೆತ್ತುತ್ತದಲ್ಲದೆ ಗಾಜು ಹೊಳೆಯುವುದಿಲ್ಲ.

ಪುಸ್ತಕದ ಮಾತನ್ನು ನಂಬುವುದಕ್ಕಿಂತ ಕಣ್ಣಾರೆ ಕಾಣುವುದು ಮೇಲು. ಮನೆಯಲ್ಲಿನ ಒಂದು ಹಳೆಯ ಹತ್ತಿಯ ಟವೆಲನ್ನು ಎರಡು ತುಂಡು ಮಾಡಿ, ಎರಡನ್ನೂ ಒಟ್ಟಿಗೆ ಒಗೆದು ಚೆನ್ನಾಗಿ ಜಾಲಿಸಿರಿ. ಒಂದನ್ನು ಹಾಗೆಯೇ ಒಣಗಿಸಿ. ಇನ್ನೊಂದನ್ನು ಮೃದುಕಾರಿ ಬೆರೆಸಿದ ನೀರಿನಲ್ಲಿ ಅದ್ದಿ ಒಣಗಿಸಿ. ಹೀಗೆ ನಾಲ್ಕೈದು ಸಲ ಮಾಡಿದ ತರುವಾಯ ಎರಡನ್ನೂ ಮೇಜಿನ ಮೇಲೆ ಹರಡಿ, ಒಂದೊಂದರ ಮೇಲೆ ಒಂದೊಂದು ಹನಿ ನೀರನ್ನು ಬಿಡಿರಿ. ಯಾವ ತುಂಡಿನಲ್ಲಿ ಹನಿಯು ಕೂಡಲೆ ಮಾಯವಾಯಿತು, ಯಾವುದರಲ್ಲಿ ಹೊಳೆಯುತ್ತ ನಿಂತಿತು ಎಂಬುದನ್ನು ಗಡಿಯಾರ ನೋಡಿ ಬರೆದಿಡಿರಿ. ಸೂಕ್ಷ್ಮತಂತುವಿನ ಬಟ್ಟೆಗೂ ಇದೇ ಪರೀಕ್ಷೆ. ಅದಕ್ಕೆ ಒಂದು ಚಮಚ ನೀರನ್ನು ತಟ್ಟೆಯ ಮೇಲೆ ಚೆಲ್ಲಿ ಒಂದೇ ಬಾರಿಗೆ ಒರಸಿ, ಎಷ್ಟು ಉಳಿಯಿತೆಂಬುದನ್ನು ನೋಡಿದರೆ ಸಾಕು. ಖರ್ಚಿಲ್ಲದ ಪ್ರಯೋಗ, ಇದನ್ನು ಒಮ್ಮೆ ಮಾಡಿದ ಹುಡುಗಿಯು ಚೀಟಿಯ ಮೇಲಣ ಜಾಹೀರಾತಿಗೆ ಸುಲಭವಾಗಿ ಮಾರುಹೋಗಳು.

ಈಗ ಅನುಷ್ಠಾನಕ್ಕೆ ಬರೋಣ. ಸೂಕ್ಷ್ಮತಂತುವಿನ ಬಟ್ಟೆಗಳನ್ನು ಹತ್ತಿಯ ಟವೆಲುಗಳ ಜತೆಯಲ್ಲಿ ಎಂದಿಗೂ ಒಗೆಯಕೂಡದು. ಹತ್ತಿಯಿಂದ ಉದುರುವ ನವಿರಾದ ಜುಂಗು ಅವುಗಳ ಚೂಪು ಅಂಚುಗಳಿಗೆ ಸಿಕ್ಕಿಕೊಂಡರೆ ಮತ್ತೆ ಬಿಡದು. ಮೊದಲು ಒಣಧೂಳನ್ನು ಕೊಡವಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪವೇ ದ್ರವ ಮಾರ್ಜಕವನ್ನು ಕದಡಿ ನೆನೆಹಾಕಿ, ಕೈಯಿಂದ ಹಿಸುಕಿ, ಎರಡು ಸಲ ಜಾಲಿಸಬೇಕು. ಬಿಳುಪುಗೊಳಿಸುವ ಬ್ಲೀಚಿನ ದ್ರವವನ್ನೂ ಮೃದುಕಾರಿಯನ್ನೂ ಹಾಕಕೂಡದು. ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಇಸ್ತ್ರಿಯಂತೂ ಸರ್ವಥಾ ಕೂಡದು. ಬಿಸಿಯು ಹೆಚ್ಚಾದರೆ ತಂತುಗಳ ತುದಿಗಳು ಕರಗಿ ಗಟ್ಟಿಯಾಗುತ್ತವೆ. ಯಂತ್ರದಲ್ಲಿ ಒಗೆಯುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಹಿಂದಿನ ಸಲ ಹಾಕಿದ ಮೃದುಕಾರಿಯು ಅದರ ಗೂಡಿನಲ್ಲಿ ಸ್ವಲ್ಪ ಉಳಿದಿದ್ದು ಮುಂದಿನ ಒಗೆತಕ್ಕೆ ಇಳಿದುಬರುವುದುಂಟು. ಆದುದರಿಂದ ಗೂಡನ್ನು ಆಗಾಗ್ಗೆ ಹೊರಗೆಳೆದು ಬಿಸಿನೀರಿನಲ್ಲಿ ತೊಳೆಯತಕ್ಕದ್ದು. ಮನೆಯ ಒಗೆತವನ್ನು ಕೆಲಸದಾಕೆಯು ಮಾಡುವುದಾದರೆ ಈ ಮಾತುಗಳನ್ನು ಆಕೆಗೂ ಕಾರಣಸಹಿತವಾಗಿ ಹೇಳಬೇಕು. ಕಾರಣ ತಿಳಿಯದೆ ಪಾಲಿಸಿದ ನಿಯಮವು ನಾಲ್ಕು ದಿನ ನಿಲ್ಲುವುದಿಲ್ಲ. ಬಟ್ಟೆ ಕೆಟ್ಟರೆ ತಪ್ಪನ್ನು ಆಕೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ಈಗಾಗಲೇ ಕೆಟ್ಟಿರುವ ಬಟ್ಟೆಗೆ ಉಪಾಯವಿಲ್ಲವೆ ಎಂದು ಕೇಳಬಹುದು. ಬಹುಮಟ್ಟಿಗೆ ಉಂಟು. ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಮಾರ್ಜಕವನ್ನು ಮಾತ್ರ ಹಾಕಿ ಅರ್ಧ ಗಂಟೆ ನೆನೆಸಿ, ಒಗೆದು ಜಾಲಿಸಿರಿ. ಹೀಗೆ ಎರಡು ಮೂರು ಸಲ ಮಾಡಿದರೆ ಜಿಡ್ಡಿನ ಪದರವು ಕ್ರಮೇಣ ಬಿಡುತ್ತದೆ. ಹನಿಯ ಪರೀಕ್ಷೆಯಿಂದ ಗುಣವಾಯಿತೋ ಇಲ್ಲವೋ ತಿಳಿಯುತ್ತದೆ. ಗಡಸು ನೀರಿನ ಸುಣ್ಣವೂ ಸೇರಿದ್ದರೆ ಒಂದು ಬಕೆಟ್ಟು ನೀರಿಗೆ ಅರ್ಧ ಬಟ್ಟಲು ಬಿಳಿಯ ವಿನಿಗರನ್ನು ಬೆರೆಸಿ ಸ್ವಲ್ಪ ಹೊತ್ತು ನೆನೆಸಿ, ಒಳ್ಳೆಯ ನೀರಿನಲ್ಲಿ ಜಾಲಿಸಬಹುದು; ಅದರ ಹುಳಿಯು ಸುಣ್ಣವನ್ನು ಕರಗಿಸುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ವಿನಿಗರನ್ನಾಗಲಿ ಬೇರೆ ಯಾವ ಹುಳಿಯನ್ನಾಗಲಿ ಬ್ಲೀಚಿನೊಡನೆ ಎಂದೆಂದಿಗೂ ಸೇರಿಸಕೂಡದು. ಸೇರಿಸಿದರೆ ಕ್ಲೋರಿನ್ ಎಂಬ ವಿಷವಾಯುವು ಹೊರಡುತ್ತದೆ. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಅದರಿಂದ ಪ್ರಾಣಾಪಾಯವೂ ಆಗಬಹುದು.

ಹಾಗಾದರೆ ಮೃದುಕಾರಿಯನ್ನು ಮನೆಯಿಂದಲೇ ಹೊರಗಟ್ಟಬೇಕೆ? ಅಷ್ಟು ದೂರ ಹೋಗಬೇಕಾಗಿಲ್ಲ. ಉಡುವ ಸಾಮಾನ್ಯ ಬಟ್ಟೆಗಳು, ಹೊದಿಕೆಗಳು, ಕೃತಕ ನೂಲಿನ ಸೀರೆಗಳು ಇವಕ್ಕೆ ಚೀಟಿಯಲ್ಲಿ ಹೇಳಿದ ಅಳತೆಯನ್ನು ಮೀರದೆ ಹಾಕಿದರೆ ಬಾಧಕವಿಲ್ಲ. ಹಾಕಬಾರದವುಗಳಾದರೋ ಇವು: ಮೈಯೊರಸುವ ಟವೆಲು ಚೌಕಗಳು, ಪಾತ್ರೆಯೊರಸುವ ಬಟ್ಟೆಗಳು, ಎಳೆಯ ಕೂಸಿನ ಹಾಸುಬಟ್ಟೆಗಳು, ಬೆವರನ್ನು ಹೊರಹಾಕುವುದಕ್ಕಾಗಿ ಮಾಡಿದ ಆಟದ ಉಡುಪುಗಳು, ಮಳೆಯಂಗಿಗಳು ಮತ್ತು ಸೂಕ್ಷ್ಮತಂತುವಿನ ಎಲ್ಲ ಬಟ್ಟೆಗಳು. ಮಕ್ಕಳು ರಾತ್ರಿ ತೊಡುವ ತುಪ್ಪುಳಿನ ಉಡುಪುಗಳನ್ನೂ ಈ ಪಟ್ಟಿಗೆ ಸೇರಿಸಬೇಕು. ಮೃದುಕಾರಿಯು ಬಟ್ಟೆಗೆ ಬೆಂಕಿ ಬೇಗ ಹತ್ತುವಂತೆ ಮಾಡಬಲ್ಲುದಾದುದರಿಂದ, ದೀಪ ಒಲೆಗಳ ಬಳಿ ಸುಳಿದಾಡುವ ಮಕ್ಕಳ ವಿಷಯದಲ್ಲಿ ಜಾಗರೂಕತೆಯು ಅತ್ಯವಶ್ಯಕ. ಕೆಲವರ ಚರ್ಮಕ್ಕೆ ಅದರ ಸುಗಂಧದಿಂದ ನವೆಯೂ ಬರುವುದುಂಟು.

ಮೃದುಕಾರಿಯಿಲ್ಲದೆ ಹತ್ತಿಯ ಟವೆಲನ್ನು ಮೆತ್ತಗೆ ಇಡುವ ಬಗೆಯನ್ನೂ ತಿಳಿಯಬೇಕು. ಗಡಸುತನಕ್ಕೆ ಮೂರು ಕಾರಣಗಳಿವೆ: ಉಳಿದ ಮಾರ್ಜಕ, ನೀರಿನ ಸುಣ್ಣ, ಅಲುಗಾಡದೆ ಒಣಗುವುದು. ಮೂರನೆಯದು ಬಹಳ ಮಂದಿಗೆ ತಿಳಿಯದ ಸಂಗತಿ. ಜಪಾನಿನ ಕಾವೊ ಸಂಸ್ಥೆಯವರೂ ಹೊಕ್ಕೈಡೊ ವಿಶ್ವವಿದ್ಯಾನಿಲಯದವರೂ ೨೦೨೦ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ತಿಳಿದುಬಂದುದೇನೆಂದರೆ, ಹತ್ತಿಯು ಒಣಗಿದಂತೆ ತೋರಿದರೂ ಅದರ ಎಳೆಗಳ ಮೇಲೆ ಬಿಡದೆ ಅಂಟಿಕೊಂಡ ಅತ್ಯಲ್ಪ ನೀರು ಉಳಿದು, ಅದೇ ಎಳೆಗೂ ಎಳೆಗೂ ನಡುವೆ ಸರಿಯಂತೆ ಬೆಸುಗೆ ಹಾಕುತ್ತದೆ. ಆದುದರಿಂದ ಹರಡುವ ಮೊದಲು ಬಟ್ಟೆಯನ್ನು ಬಲವಾಗಿ ಝಾಡಿಸಬೇಕು, ಗಾಳಿಯಾಡುವೆಡೆಯಲ್ಲಿ ಹಾಕಬೇಕು, ತೆಗೆದ ಮೇಲೆ ಮತ್ತೊಮ್ಮೆ ಝಾಡಿಸಿ ಕೈಯಿಂದ ಉಜ್ಜಬೇಕು. ಅಗಸನು ಬಟ್ಟೆಯನ್ನು ಹಗ್ಗಕ್ಕೆ ಹಾಕುವ ಮುನ್ನ ಪಟಪಟನೆ ಬಡಿಯುವ ಪದ್ಧತಿಯು ಅರ್ಥವಿಲ್ಲದುದಲ್ಲ. ಪುಡಿಯನ್ನು ಮುಷ್ಟಿಯ ಲೆಕ್ಕದಲ್ಲಿ ಸುರಿಯದೆ ಚಮಚದಿಂದ ಅಳೆಯಬೇಕು. ಸುಣ್ಣದ ಬಾಧೆಗೆ, ಕೊನೆಯ ಜಾಲಿಕೆಗಾದರೂ ಮೆದು ನೀರನ್ನು ಉಪಯೋಗಿಸುವುದೇ ಉತ್ತಮ. ಮೆದು ನೀರಿನಲ್ಲಿ ಮಳೆಯ ನೀರಿಗೆ ಸಮನಾದುದಿಲ್ಲ. ೨೦೦೯ರಲ್ಲಿ ಬೆಂಗಳೂರಿನ ಜಲಮಂಡಳಿಯ ಕಾನೂನಿಗೆ ತಿದ್ದುಪಡಿಯಾಗಿ ದೊಡ್ಡ ನಿವೇಶನಗಳ ಮನೆಗಳಲ್ಲಿ ಮಳೆನೀರು ಸಂಗ್ರಹವು ಕಡ್ಡಾಯವಾಯಿತು. ಹಳೆಯ ಬಡಾವಣೆಗಳ ಅನೇಕ ಮನೆಗಳ ಚಾವಣಿಯಿಂದ ಇಳಿಯುವ ಈ ನೀರನ್ನು ಒಗೆತಕ್ಕೆ ಉಪಯೋಗಿಸಿದರೆ ಪುಡಿಯೂ ಕಡಿಮೆ ಸಾಕು, ಬಟ್ಟೆಯೂ ಮೆದುವಾಗಿರುತ್ತದೆ.

ಇದು ಕೇವಲ ಕೆಲವು ರೂಪಾಯಿಗಳ ಬಟ್ಟೆಯ ಮಾತಲ್ಲ. ಕೆಟ್ಟ ಟವೆಲನ್ನು ಸರಿಪಡಿಸಲು ಮತ್ತೆ ಮತ್ತೆ ಒಗೆದರೆ ಬಕೆಟ್ಟುಗಟ್ಟಲೆ ನೀರು ಹೋಗುತ್ತದೆ. ೨೦೨೪ರ ಬೇಸಗೆಯಲ್ಲಿ ನಗರವು ಎಂತಹ ಕ್ಷಾಮವನ್ನು ಅನುಭವಿಸಿತೆಂಬುದು ಎಲ್ಲರಿಗೂ ನೆನಪಿದೆ. ಆ ಮಾರ್ಚಿ ತಿಂಗಳಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ ೫೦೦೦ ರೂಪಾಯಿ ದಂಡವನ್ನು ಜಲಮಂಡಳಿಯು ವಿಧಿಸಿತು. ಇನ್ನು ನಮ್ಮ ಬಚ್ಚಲಿನಿಂದ ಹೊರಟ ನೀರು ಎಲ್ಲಿಗೆ ಹೋಗುತ್ತದೆ? ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿಯಲ್ಲಿಯೂ, ಮಲ್ಲೇಶ್ವರದ ನಂದಿತೀರ್ಥದಲ್ಲಿಯೂ ಹುಟ್ಟುವುದೆಂದು ಜನರು ಹೇಳುವ ವೃಷಭಾವತಿಯು ಈಗ ಈ ಹಳೆಯ ಬಡಾವಣೆಗಳ ಕೊಳೆನೀರನ್ನು ಹೊತ್ತು ಹರಿಯುತ್ತದೆ. ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಶುದ್ಧೀಕರಣಾಲಯಗಳಿದ್ದರೂ ದಾರಿಯಲ್ಲಿ ಬಿಳಿಯ ನೊರೆಯು ರಾಶಿರಾಶಿಯಾಗಿ ಏಳುವುದನ್ನು ಕಂಡವರುಂಟು. ಯಾವ ನದಿಯಿಂದ ೧೦೦ ಕಿಲೋಮೀಟರು ದೂರ ನೀರನ್ನು ತರಿಸಿಕೊಳ್ಳುತ್ತೇವೆಯೋ ಅದೇ ನದಿಗೆ, ಕೆಳಗಿನ ಊರುಗಳವರು ಉಪಯೋಗಿಸುವ ಎಡೆಯಲ್ಲಿ, ನಮ್ಮ ಮಾರ್ಜಕವನ್ನು ಹಿಂದಿರುಗಿಸುತ್ತಿದ್ದೇವೆ. ೧೯೯೦ರ ದಶಕದ ಆದಿಯಲ್ಲಿ ಯೂರೋಪಿನವರು, ನೀರಿನಲ್ಲಿ ಬೇಗ ಕೊಳೆಯದ ಹಳೆಯ ಬಗೆಯ ಮೃದುಕಾರಿಗಳನ್ನು ಬಿಟ್ಟು ಬೇಗ ಕೊಳೆಯುವ ಬಗೆಯವನ್ನು ಹಿಡಿದುದು ಈ ವಿಚಾರದಿಂದಲೇ. ಸೂಕ್ಷ್ಮತಂತುವೂ ನಿರ್ದೋಷಿಯಲ್ಲ: ಪ್ರತಿ ಒಗೆತದಲ್ಲಿಯೂ ಅದರಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕಿನ ಎಳೆಗಳು ಕಳಚಿ ನೀರಿನೊಡನೆ ಹೋಗುತ್ತವೆ, ಅವು ಕೊಳೆಯುವುದೇ ಇಲ್ಲವೆನ್ನಬಹುದು. ಆದಕಾರಣ ಅದನ್ನು ಕನ್ನಡಿ, ಕಿಟಕಿಯ ಗಾಜು, ಕನ್ನಡಕ ಮುಂತಾದ ತಕ್ಕ ಕೆಲಸಕ್ಕೆ ಮಾತ್ರ ಇಟ್ಟುಕೊಂಡು, ಅವಶ್ಯವಿದ್ದಾಗ ಮಾತ್ರ ಒಗೆಯುವುದು ಯುಕ್ತ.

ಕೈಯೊರಸುವುದಕ್ಕೂ ಮೈಯೊರಸುವುದಕ್ಕೂ ನಮ್ಮ ಅಜ್ಜಿಯರ ಪಾಣಿಪಂಚೆಯೂ ಚೌಕವೂ ಇಂದಿಗೂ ಸಾಕು. ತೆಳ್ಳಗಿನ ಹತ್ತಿಯ ನೇಯ್ಗೆಯಾದ ಕಾರಣ ಅವು ಒಗೆದಷ್ಟೂ ಮೆತ್ತಗಾಗುತ್ತವೆ, ಒಗೆದಷ್ಟೂ ನೀರನ್ನು ಚೆನ್ನಾಗಿ ಹೀರುತ್ತವೆ, ಬೇಗ ಒಣಗುತ್ತವೆ, ಮೃದುಕಾರಿಯನ್ನು ಬೇಡುವುದಿಲ್ಲ. ಯಾವ ಬಟ್ಟೆಯು ಯಾವ ಕೆಲಸಕ್ಕಾಗಿ ಮನೆಗೆ ಬಂದಿದೆಯೆಂಬುದನ್ನು ಮೊದಲು ಕೇಳಿಕೊಂಡು, ಆ ಕೆಲಸಕ್ಕೆ ಸಹಾಯವಾಗುವ ಉಪಚಾರವನ್ನು ಮಾತ್ರ ಅದಕ್ಕೆ ಮಾಡುವವಳೇ ಜಾಣೆಯಾದ ಗೃಹಿಣಿ. ಮುಂದಿನ ಸಲ ಒಗೆತದ ತೊಟ್ಟಿಯ ಮುಂದೆ ನಿಂತಾಗ, ವಿದ್ಯಾರ್ಥಿನಿಯರೇ, ಟವೆಲುಗಳನ್ನು ಒಂದು ಕಡೆಗೂ, ಉಡುಪುಗಳನ್ನು ಒಂದು ಕಡೆಗೂ, ಸೂಕ್ಷ್ಮತಂತುವಿನ ಬಟ್ಟೆಗಳನ್ನು ಮತ್ತೊಂದು ಕಡೆಗೂ ವಿಂಗಡಿಸಿರಿ. ಆ ಅರೆಗಳಿಗೆಯ ಶ್ರಮದಿಂದ ತಿಂಗಳ ಖರ್ಚಿನಲ್ಲಿ ಸ್ವಲ್ಪವೂ, ಮನೆಯ ನೀರಿನಲ್ಲಿ ಬಹಳವೂ ಉಳಿಯುವುದು.